ಮೆಸ್ ಪುಸ್ತಕದಲ್ಲಿ ಹನ್ನೊಂದು ದಿನ

ನಮ್ಮ ಲೇಡೀಸ್ ಹಾಸ್ಟೆಲ್ ಮೆಸ್ಸಿನಲ್ಲಿ ಊಟಕ್ಕೆ ಬಂದವರು ಒಂದು ಉದ್ದನೆಯ ಪುಸ್ತಕದಲ್ಲಿ ಸಹಿ ಹಾಕಬೇಕು. ತಿಂಗಳ ಕೊನೆಗೆ ಬಿಲ್ ಹಾಕುವುದು ಅದನ್ನು ನೋಡಿಯೇ. ಹೋದ ವರ್ಷ ನವೆಂಬರ್‌ನಲ್ಲಿ ಒಂದು ಸಂಜೆ ಮೆಸ್ಸಿನ ಅಡುಗೆಯಾಕೆ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದರು.

"ಮೇಡಂ, ಈ ಹುಡುಗಿ ಹನ್ನೊಂದು ದಿನ ಆತು, ಮುಂಜಾನಿ ನಾಷ್ಟಾಕ್ಕ ಬಂದಿಲ್ರೀ. ಮಧ್ಯಾಹ್ನ ಬಂದ್ರೂ ಅರ್ಧಾ ರೊಟ್ಟಿ. ಒಂದೀಟು ವಿಚಾರಸ್ರಿ."

ಬೆರಳಿಟ್ಟು ತೋರಿಸಿದ ಹೆಸರು ನನ್ನ ಪಟ್ಟಿಯದೇ. ನಾನು ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮೊದಲ ವರ್ಷದ ಇಪ್ಪತ್ತು ಮಕ್ಕಳಿಗೆ ಮೆಂಟರ್ ಕೂಡ ಹೌದು. ಆ ಹುಡುಗಿಯ ಅಟೆಂಡೆನ್ಸ್, ಇಂಟರ್ನಲ್ಸ್ ಅಂಕ, ಅಪ್ಪನ ಫೋನ್ ನಂಬರ್ ಎಲ್ಲ ನನ್ನ ಫೈಲಿನಲ್ಲಿತ್ತು. ಆಕೆ ಉಣ್ಣುತ್ತಿಲ್ಲ ಅನ್ನುವುದು ಮಾತ್ರ ಇರಲಿಲ್ಲ. ಅದು ಗೊತ್ತಿದ್ದದ್ದು ರೊಟ್ಟಿ ಬಡಿಯುವವರಿಗೆ.

ಮುಂದಿನ ಒಂದು ವರ್ಷದಲ್ಲಿ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಡುಗಿ ಈ ಬರಹವನ್ನು ಓದಿದ್ದಾಳೆ, ಎರಡು ಕಡೆ ತಿದ್ದಿದ್ದಾಳೆ, ಒಂದು ಕಡೆ "ಇದು ಬ್ಯಾಡ್ರೀ" ಅಂತ ಹೊಡೆದು ಹಾಕಿದ್ದಾಳೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ಹುಡುಗಿ ಅಂತಲೇ ಇರಲಿ.

ಎಲ್ಲಿಂದ ಬಂದವಳು

ರೋಣ ತಾಲ್ಲೂಕಿನ ಕಪ್ಪು ಮಣ್ಣಿನ ಒಂದು ಹಳ್ಳಿ. ಅಪ್ಪನಿಗೆ ನಾಲ್ಕು ಎಕರೆ. ಮುಂಗಾರಿಗೆ ಉಳ್ಳಾಗಡ್ಡಿ, ಹಿಂಗಾರಿಗೆ ಕಡಲೆ. ಒಂದರಿಂದ ಹತ್ತನೆಯವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 598, ಕನ್ನಡದಲ್ಲಿ 125ಕ್ಕೆ 125. ಊರ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದ್ದರು. ಆ ಫ್ಲೆಕ್ಸ್ ಮುಂದೆ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಪಿಯುಸಿ ಸೈನ್ಸ್ ಗದಗದಲ್ಲಿ. ಪುಸ್ತಕ ಎಲ್ಲ ಇಂಗ್ಲಿಷ್. ಸಮಾಂತರ ಶ್ರೇಢಿ, ಬಹುಪದೋಕ್ತಿ ಅಂತ ಕಲಿತವಳಿಗೆ ಒಮ್ಮೆಲೇ ಹೆಸರುಗಳೇ ಬದಲಾದವು. ಎರಡು ವರ್ಷ ಬಾಯಿಪಾಠ ಮಾಡಿಕೊಂಡು ದಾಟಿದಳು. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಎರಡೂ ಇದ್ದದ್ದರಿಂದ ಒಳ್ಳೆಯ ಬ್ರಾಂಚ್ ಸಿಕ್ಕಿತು. ಗ್ರಾಮೀಣಕ್ಕೆ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5. ಇದು ಅವಳ ಹಕ್ಕು. ಆದರೆ ಕ್ಲಾಸಿನಲ್ಲಿ ಯಾರೋ "ನೀನು ಕೋಟಾ ಸೀಟಲ್ವಾ?" ಅಂತ ಸುಮ್ನೆ ಕೇಳಿದ್ದನ್ನು ಆಕೆ ತಿಂಗಳುಗಟ್ಟಲೆ ತಲೆಯಲ್ಲಿ ಇಟ್ಟುಕೊಂಡಿದ್ದಳು. ಕೇಳಿದವರಿಗೆ ಆವತ್ತು ಸಂಜೆಗೇ ಮರೆತಿರುತ್ತದೆ.

ಆ ವರ್ಷ ಉಳ್ಳಾಗಡ್ಡಿ ದರ ಬಿದ್ದಿತ್ತು. ಹಾಸ್ಟೆಲ್ ಫೀಸಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಮನೆಯಲ್ಲಿ ಯಾರೂ ಇದನ್ನು ಅವಳಿಗೆ ಹೇಳಿರಲಿಲ್ಲ. ಹೇಳದೆ ಇದ್ದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂತ ದೊಡ್ಡವರು ಯಾಕೆ ಅಂದುಕೊಳ್ಳುತ್ತಾರೋ. ಅವಳಿಗೆ ಸಾಲದ ಮೊತ್ತ, ಬಡ್ಡಿ, ಕಂತಿನ ತಾರೀಕು ಎಲ್ಲ ಗೊತ್ತಿತ್ತು.

ನಾನು ನೋಡಿಯೂ ನೋಡದ್ದು

ಮೊದಲ ಇಂಟರ್ನಲ್ಸ್ ಗಣಿತದಲ್ಲಿ ಅವಳಿಗೆ ಬಂದದ್ದು 4. ಉತ್ತರ ಪತ್ರಿಕೆ ಈಗಲೂ ನನ್ನ ಕಣ್ಣ ಮುಂದಿದೆ. ಒಂದನೇ ಪುಟದಲ್ಲಿ ಪ್ರಶ್ನೆ ನಂಬರ್, ಅದರ ಮುಂದೆ ಒಂದೇ ಸಾಲು. ಆ ಸಾಲಿನ ಮೇಲೇ ಮತ್ತೆ ಮತ್ತೆ ಪೆನ್ನು ಓಡಿಸಿ ಅಕ್ಷರ ದಪ್ಪಗಾಗಿ, ಒಂದು ಕಡೆ ಕಾಗದ ತೂತು ಬಿದ್ದಿತ್ತು. ಪುಟ ತಿರುಗಿಸಿದರೆ ಹಿಂದಿನ ಪುಟದಲ್ಲೂ ಅದರ ಗುರುತು. ನಾನು ಕೆಂಪು ಪೆನ್ನಿನಲ್ಲಿ "ನೀಟಾಗಿ ಬರೆಯಬೇಕು" ಅಂತ ಬರೆದು ಅಂಕ ಹಾಕಿ ಮುಂದಿನ ಪತ್ರಿಕೆ ತೆಗೆದುಕೊಂಡೆ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಅಂಕಪಟ್ಟಿಯ ಫೋಟೋ ತೆಗೆದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಎಲ್ಲರೂ ಹಾಕುತ್ತಾರೆ, ನಾನೂ ಹಾಕಿದೆ. ನಲವತ್ತು ಜನರಿಗೆ ಅದು ಒಂದು ಫೋಟೋ. ಅವಳು ಆ ರಾತ್ರಿ ಅದನ್ನು ಎಷ್ಟು ಸಲ ಜೂಮ್ ಮಾಡಿ ನೋಡಿದಳೋ ಅವಳಿಗೇ ಲೆಕ್ಕ ಇಲ್ಲವಂತೆ.

ಮೂರನೆಯ ತಪ್ಪು ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಕಡಿಮೆ ಅಂಕದವರಿಗೆ ಸಂಜೆ 5ರಿಂದ 6.30ರವರೆಗೆ ಎಕ್ಸ್‌ಟ್ರಾ ಕ್ಲಾಸ್ ಇಟ್ಟೆ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ. "ಧೈರ್ಯ ತಗೋ, ಇನ್ನೊಂದೀಟು ಜಾಸ್ತಿ ಓದು, ಎಲ್ಲಾ ಸರಿ ಆಗತೈತಿ" ಅಂದೆ. ಅವಳು ತಲೆ ಆಡಿಸಿದಳು. ಅದೇ ಹೊತ್ತಿಗೆ ಬೇರೆ ವಿಷಯದವರೂ ಹೀಗೇ ಹೇಳಿದ್ದರು. ರೂಮ್‌ಮೇಟ್ ಹೇಳಿದ ಪ್ರಕಾರ ಆ ವಾರ ಅವಳು ರಾತ್ರಿ 3ರವರೆಗೆ ಪುಸ್ತಕ ತೆರೆದು ಕೂರುತ್ತಿದ್ದಳು. ಅದೇ ಪುಟ.

ಆಮೇಲೆ ಬಂದದ್ದು ಕನ್ನಡ ಟೆಸ್ಟ್. ನಮ್ಮ ವಿಶ್ವವಿದ್ಯಾಲಯವಾದ ವಿಟಿಯುನ ಮೊದಲ ವರ್ಷದಲ್ಲಿ ಸಾಂಸ್ಕೃತಿಕ ಕನ್ನಡ ಅಂತ ಒಂದು ವಿಷಯ ಇದೆ. ಹುಡುಗರು ಓದದೆ ಬರೆಯುವ ಪೇಪರು. 125ಕ್ಕೆ 125 ತೆಗೆದವಳು ಎಲ್ಲಾ ಪ್ರಶ್ನೆಗೂ 'ಎ' ಅಂತ ಗುರುತು ಹಾಕಿ ಹತ್ತು ನಿಮಿಷದಲ್ಲಿ ಎದ್ದು ಹೋದಳು. ಕನ್ನಡದ ಸರ್ ಇದನ್ನು ಸ್ಟಾಫ್‌ರೂಮಿನಲ್ಲಿ ತಮಾಷೆಯಾಗಿ ಹೇಳಿದರು. ನಾವೆಲ್ಲ ನಕ್ಕೆವು. ಇಂಗ್ಲಿಷ್ ಕಷ್ಟ, ಗಣಿತ ಕಷ್ಟ ಅನ್ನುವ ನಮ್ಮ ವಿವರಣೆ ಅಲ್ಲಿಗೇ ಬಿದ್ದು ಹೋಗಬೇಕಿತ್ತು. ಬೀಳಲಿಲ್ಲ. ಮೆಸ್ ಪುಸ್ತಕ ಬರಬೇಕಾಯಿತು.

ಮೊದಲ ಮಾತು

ಮರುದಿನ ನಾನು ಅವಳನ್ನು ಕ್ಯಾಬಿನ್‌ಗೆ ಕರೆಯಲಿಲ್ಲ. ಕ್ಯಾಬಿನ್‌ಗೆ ಕರೆದರೆ ಅಂಕದ ಮಾತೇ ಅಂತ ಮಕ್ಕಳಿಗೆ ಗೊತ್ತು. ಮೆಸ್ಸಿನಲ್ಲೇ ಎದುರು ಕೂತೆ. "ಊಟ ಸೇರವಲ್ದೇನವಾ?" ಅಂತ ಕೇಳಿದೆ. ಅವಳು ಎರಡು ನಿಮಿಷ ಸುಮ್ಮನಿದ್ದಳು. ರೊಟ್ಟಿಯ ಅಂಚನ್ನು ಚೂರು ಚೂರು ಮಾಡಿ ತಟ್ಟೆಯ ಸುತ್ತ ಇಡುತ್ತಾ ಹೋದಳು. ಆಮೇಲೆ ಹೇಳಿದಳು.

"ಹಸಿವು ಆಗಂಗಿಲ್ರೀ. ನಿದ್ದಿನೂ ಬರಂಗಿಲ್ಲ. ಮುಂಜಾನಿ ಏಳೂದಂದ್ರ ಎದಿ ಮ್ಯಾಲೆ ಕಲ್ಲಿಟ್ಟಂಗ. ಪೇಪರ್ ಕೈಯಾಗ ಕೊಟ್ಟ ಕೂಡ್ಲೆ ಬೆರಳು ಜುಮ್ ಅಂತಾವ, ಕಣ್ಣಿಗೆ ಮಬ್ಬು. ಸತ್ತೇ ಹೋಗ್ತೀನೇನೋ ಅನಸ್ತೈತ್ರೀ."

ನನಗೆ ಭಯ ಆಯಿತು. ಆದರೆ ಆ ಕೊನೆಯ ಮಾತನ್ನು ಬಿಡಬಾರದು ಅಂತ ಒಂದು ತರಬೇತಿಯಲ್ಲಿ ಕೇಳಿದ್ದೆ. ನೇರವಾಗಿ ಕೇಳಿದೆ, ಸಾಯಬೇಕು ಅಂತ ವಿಚಾರ ಬರುತ್ತದಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅನ್ನುವುದು ತಪ್ಪು ನಂಬಿಕೆ. ಕೇಳಿದರೆ ಎಷ್ಟೋ ಜನಕ್ಕೆ ಹಗುರ ಆಗುತ್ತದೆ. ಅವಳು ಹೇಳಿದ್ದು ಇಷ್ಟು: ಏನಾದರೂ ಮಾಡಿಕೊಳ್ಳಬೇಕು ಅಂತ ಇಲ್ಲ, ಆದರೆ ರಾತ್ರಿ ಮಲಗಿದಾಗ ಬೆಳಗಾಗದೇ ಇದ್ದರೆ ಚಲೋ ಅನಿಸುತ್ತದೆ. ಹೇಳಿ ಮುಗಿಸಿ ಅವಳು ಅತ್ತಳು. ಎಷ್ಟೋ ದಿನದ ಮೇಲೆ ಅತ್ತದ್ದಂತೆ.

ನಾನು ಆಗಲೇ ಅವಳ ಅಪ್ಪನಿಗೆ ಫೋನ್ ಮಾಡಲು ಹೊರಟಿದ್ದೆ. ನಮ್ಮಲ್ಲಿಗೆ ವಾರಕ್ಕೆ ಎರಡು ದಿನ ಬರುವ ಆಪ್ತ ಸಮಾಲೋಚಕಿ ತಡೆದರು. "ಹುಡುಗಿಗೆ 18 ಆಗಿದೆ. ಅವಳನ್ನು ಕೇಳಿ." 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ಗುಟ್ಟಿನ ಹಕ್ಕನ್ನು ಕೊಡುತ್ತದೆ. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತು ಬೇರೆ. ಕೇಳಿದೆವು. ಅವ್ವನಿಗೆ ಹೇಳಿ, ಅಪ್ಪನಿಗೆ ಈಗ ಬೇಡ ಅಂದಳು. ಹಾಗೇ ಮಾಡಿದೆವು. ಅವಳ ಒಪ್ಪಿಗೆ ಮೇಲೆ ರೂಮ್‌ಮೇಟ್‌ಗೂ ಹೇಳಿದೆವು, ರಾತ್ರಿ ಒಬ್ಬಳನ್ನೇ ಬಿಡಬೇಡ ಅಂತ. ಫೋನಿನಲ್ಲಿ ಟೆಲಿ ಮನಸ್ ನಂಬರ್ 14416 ಹಾಕಿಕೊಟ್ಟೆವು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಅದು. ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರ್ ಕೊಟ್ಟು ಮರೆತಿದ್ದೆ. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಎರಡೂವರೆಗೆ ಅವಳು ಫೋನ್ ಮಾಡಿದ್ದಳು ಅಂತ ನನಗೆ ಗೊತ್ತಾದದ್ದೇ ಈ ಬರಹ ತೋರಿಸಿದಾಗ.

ಒಂಬತ್ತು ಪ್ರಶ್ನೆ, ಒಂದು ಸಿರಿಂಜು

ಸಮಾಲೋಚಕಿ ಎರಡು ಹಾಳೆ ಕೊಟ್ಟರು. ಒಂದು ಪಿಎಚ್‌ಕ್ಯು-9, ಖಿನ್ನತೆ ಎಷ್ಟಿದೆ ಅಂತ ಅಳೆಯುವುದು. ಕಳೆದ ಎರಡು ವಾರದಲ್ಲಿ ಆಸಕ್ತಿ, ನಿದ್ದೆ, ಹಸಿವು, ಸುಸ್ತು, ಗಮನ ಹೀಗೆ ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ 0ಯಿಂದ 3. ಒಟ್ಟು 27. ಅವಳಿಗೆ ಬಂದದ್ದು 17. 15 ದಾಟಿದರೆ ವೈದ್ಯರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಬಾರದು. ಇನ್ನೊಂದು ಆತಂಕದ್ದು, ಜಿಎಡಿ-7. ಅದರಲ್ಲಿ 21ಕ್ಕೆ 13. ಈ ಹಾಳೆಗಳು ಜ್ವರ ನೋಡುವ ಥರ್ಮಾಮೀಟರ್ ಇದ್ದಹಾಗೆ. ಜ್ವರ ಇದೆ ಅನ್ನುತ್ತವೆ, ಯಾಕೆ ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಪರೀಕ್ಷೆ ಹಾಲಿನಲ್ಲಿ ಬೆರಳು ಜುಮ್ ಅನ್ನುವುದು ಯಾಕೆ ಅಂತ ಸಮಾಲೋಚಕಿ ಅವಳಿಗೆ ವಿವರಿಸಿದ್ದು ನನಗೂ ಹೊಸದು. ಹೆದರಿದಾಗ ಉಸಿರಾಟ ಜೋರಾಗುತ್ತದೆ. ಜೋರಾಗಿ ಉಸಿರಾಡಿದಷ್ಟೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ಅದರಿಂದ ಬೆರಳು, ತುಟಿ ಜುಮ್ ಅನ್ನುತ್ತವೆ, ತಲೆ ತಿರುಗುತ್ತದೆ. ಅದನ್ನು ನೋಡಿ ಇನ್ನಷ್ಟು ಹೆದರಿಕೆ, ಇನ್ನಷ್ಟು ಉಸಿರು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿಗೆ ಹೋಗಿ ತಾನಾಗಿ ಇಳಿಯುತ್ತದೆ. ಉಸಿರು ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ನಿಧಾನ ಇರಲಿ ಅಂತ ಅಭ್ಯಾಸ ಮಾಡಿಸಿದರು. "ಒಲಿ ಊದೂ ಹಂಗ ಅಲ್ರೀ, ಬಿಸಿ ಚಾ ಆರಸೂ ಹಂಗ" ಅಂತ ಹುಡುಗಿ ತನ್ನ ಭಾಷೆಯಲ್ಲಿ ನೆನಪಿಟ್ಟುಕೊಂಡಳು.

ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಮೊದಲು ಬರೆದದ್ದು ರಕ್ತ ಪರೀಕ್ಷೆ. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9.2. ಹೆಂಗಸರಿಗೆ ಅದು 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಪರ್ಸೆಂಟ್ ಜನಕ್ಕೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ರಕ್ತ ಕಮ್ಮಿ ಇದ್ದರೂ ಸುಸ್ತು, ಎದೆ ಡವಡವ, ಓದಿದ್ದು ತಲೆಗೆ ಹತ್ತದೇ ಇರುವುದು ಎಲ್ಲ ಆಗುತ್ತದೆ. ಖಿನ್ನತೆ ಎಷ್ಟು, ರಕ್ತ ಎಷ್ಟು ಅಂತ ಬಿಡಿಸಲು ಆಗುವುದಿಲ್ಲ, ಎರಡಕ್ಕೂ ಔಷಧಿ ಮಾಡೋಣ ಅಂದರು ಡಾಕ್ಟರು. ಕಬ್ಬಿಣಾಂಶದ ಗುಳಿಗೆ ಜೊತೆ ಚಹಾ ಕುಡಿಯಬೇಡ, ಗುಳಿಗೆ ಮೈಗೆ ಹತ್ತುವುದಿಲ್ಲ, ಲಿಂಬೆಹಣ್ಣಿನ ಶರಬತ್ತು ಬೇಕಾದರೆ ಕುಡಿ ಅಂತ ಹೇಳಿ ಕಳಿಸಿದರು.

ಈ 9.2 ಇನ್ನೊಂದು ಕೆಲಸಕ್ಕೂ ಬಂತು. ನಮ್ಮ ಕಡೆ ಧಾರವಾಡ ಅಂದರೆ ಒಂದು ಪೇಢೆ, ಇನ್ನೊಂದು ಹುಚ್ಚಾಸ್ಪತ್ರೆ. ಬ್ರಿಟಿಷರ ಕಾಲದಿಂದ ಇದ್ದ ಆಸ್ಪತ್ರೆ ಈಗ ಡಿಮ್ಹಾನ್ಸ್ ಅಂತ ದೊಡ್ಡ ಸಂಸ್ಥೆ ಆಗಿದೆ, ಆದರೆ ಜಗಳದಲ್ಲಿ "ಇವನ್ನ ಧಾರವಾಡಕ್ಕ ಕಳಸ್ಬೇಕು" ಅನ್ನುವುದು ನಿಂತಿಲ್ಲ. ಅವ್ವನಿಗೆ ಊರಲ್ಲಿ ಹೇಳಲು ಒಂದು ಮಾತು ಬೇಕಿತ್ತು. "ಮಗಳಿಗೆ ರಕ್ತ ಕಮ್ಮಿ ಆಗೇತಿ" ಅನ್ನುವುದು ಸುಳ್ಳೇನೂ ಅಲ್ಲ. ನಾನು ತಿದ್ದಲು ಹೋಗಲಿಲ್ಲ.

ಆರು ದಿನದ ಗುಳಿಗೆ

ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ಅನ್ನುವ ಗುಳಿಗೆ ಕೊಟ್ಟರು. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಅವಳಿಗೆ ಕೊಟ್ಟದ್ದು ಅವಳನ್ನು ನೋಡಿ. ಓದಿದವರು ಇದನ್ನು ಅಂಗಡಿಯಲ್ಲಿ ಕೇಳಬೇಡಿ.

ಆರನೇ ದಿನ ಹುಡುಗಿ ಗುಳಿಗೆ ಬಿಟ್ಟಳು. ಹೊಟ್ಟೆ ತೊಳಸುತ್ತಿತ್ತು, ಕೈ ನಡುಕ ಮೊದಲಿಗಿಂತ ಜಾಸ್ತಿ ಆಗಿತ್ತು. ಇದರ ಮೇಲೆ ಫೋನಿನಲ್ಲಿ ಅವಳ ಅತ್ತೆ, "ಅವು ನಿದ್ದಿ ಗುಳಿಗಿ, ಚಟಾ ಆಗ್ತಾವ, ಮುಂದ ಮದುವಿಗೂ ತ್ರಾಸು" ಅಂದಿದ್ದರು. ಅತ್ತೆಗೆ ಬೈದು ಏನು ಪ್ರಯೋಜನ, ಅವರಿಗೆ ಹೇಳಿದವರು ಯಾರಿದ್ದಾರೆ.

ಮತ್ತೆ ಕರೆದುಕೊಂಡು ಹೋದೆವು. ಡಾಕ್ಟರು ಈ ಸಲ ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ಹೇಳಿದರು. ಇದು ನಿದ್ದೆ ಗುಳಿಗೆ ಅಲ್ಲ. ಚಟ ಹಿಡಿಸುವಂಥದ್ದೂ ಅಲ್ಲ. ಮೊದಲ ಒಂದೆರಡು ವಾರ ಹೊಟ್ಟೆ ಕೆಡುವುದು, ಚಡಪಡಿಕೆ ಆಗುವುದು ಉಂಟು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಒಮ್ಮೊಮ್ಮೆ ಆರು. ಮೊದಲು ತೊಂದರೆ, ಆಮೇಲೆ ಗುಣ. ಅದಕ್ಕೇ ಎಷ್ಟೋ ಜನ ನಡುವೆ ಬಿಟ್ಟುಬಿಡುತ್ತಾರೆ. ಇಪ್ಪತ್ತೈದರ ಒಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆಯೂ ಇದೆ, ಹಾಗಾಗಿ ಜೊತೆಗಿರುವವರು ಕಣ್ಣಿಟ್ಟಿರಬೇಕು. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ತೆಗೆದುಕೊಳ್ಳಬೇಕು, ಬಿಡುವಾಗ ನಿಧಾನಕ್ಕೆ ಇಳಿಸಿ ಬಿಡಬೇಕು. ಇದೆಲ್ಲವನ್ನೂ ಮೊದಲ ದಿನವೇ ಹೇಳಿದ್ದರೆ ಆರು ದಿನ ಉಳಿಯುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಜನರನ್ನು ನೋಡಿದರೆ ಆ ಡಾಕ್ಟರನ್ನು ಬೈಯಲೂ ಮನಸ್ಸಾಗುವುದಿಲ್ಲ.

ನೂರು ಪುಟದ ನೋಟ್‌ಬುಕ್

ಗುಳಿಗೆ ತನ್ನ ಕೆಲಸ ಶುರು ಮಾಡುವ ತನಕ ಏನು? ಇಲ್ಲಿ ನನಗೂ ಸಮಾಲೋಚಕಿಗೂ ಸಣ್ಣ ವಾದ ಆಯಿತು. ಸೆಮಿಸ್ಟರ್ ಪರೀಕ್ಷೆಗೆ ಏಳು ವಾರ ಇತ್ತು. ನಾನು ಟೈಮ್‌ಟೇಬಲ್ ಹಾಕಿಕೊಂಡು ಹೋಗಿದ್ದೆ. ಯಾವ ದಿನ ಯಾವ ಮಾಡ್ಯೂಲ್, ಎಲ್ಲ. ಅವರು ಅದನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಓದು ಕೊನೆಗೆ ಕೆಟ್ಟದ್ದು ಮೇಡಂ. ಸರಿ ಆಗುವುದೂ ಕೊನೆಗೇ. ಮೊದಲು ನಿದ್ದೆ, ಊಟ, ಸ್ನಾನ, ನಾಲ್ಕು ಜನರ ಜೊತೆ ಮಾತು."

ಗಣಿತದವಳಿಗೆ ಕ್ರಮ ತಪ್ಪಿದರೆ ಉತ್ತರ ತಪ್ಪು ಅಂತ ಬೇರೆಯವರು ಹೇಳಿಕೊಡಬೇಕಾಯಿತು, ನೋಡಿ.

ಎಕ್ಸ್‌ಟ್ರಾ ಕ್ಲಾಸಿನಿಂದ ಅವಳ ಹೆಸರು ತೆಗೆದೆ. ಬೆಳಿಗ್ಗೆ 6.30ಕ್ಕೆ ಏಳುವುದು, ನಿದ್ದೆ ಬಂದಿರಲಿ ಬಿಡಲಿ. ಮಧ್ಯಾಹ್ನ ಮಲಗುವುದಿದ್ದರೆ ಇಪ್ಪತ್ತು ನಿಮಿಷ, ರೂಮ್‌ಮೇಟ್ ಎಬ್ಬಿಸಬೇಕು. ಹಾಸಿಗೆ ಮೇಲೆ ಪುಸ್ತಕ ಇಲ್ಲ, ಫೋನ್ ಇಲ್ಲ. ನಾಷ್ಟಾಕ್ಕೆ ಹೋಗಿ ಸಹಿ ಹಾಕಬೇಕು, ತಿನ್ನುವುದು ಎರಡು ಚಮಚ ಉಪ್ಪಿಟ್ಟಾದರೂ ಸರಿ. ದಿನಕ್ಕೆ ಮೂರೇ ಕೆಲಸ, ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮಾಡುವ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟು, ಮಾಡಿದ ಮೇಲೆ ಎಷ್ಟು. ಮಾಡುವ ಮನಸ್ಸು ಬರಲಿ ಅಂತ ಕಾಯಬಾರದು ಅನ್ನುವುದೊಂದೇ ನಿಯಮ.

ಅವಳು ಕೊಟ್ಟ ನೋಟ್‌ಬುಕ್ಕಿನಿಂದ ಒಂದು ವಾರದ ಕೆಲವು ಸಾಲು:

ತಲಿಸ್ನಾನ, ಮೊದಲು 2, ಆಮೇಲೆ 4.
ಗೆಳತಿ ಜೋಡಿ ಗಿರಮಿಟ್, 3, 6.
ಇನ್‌ಸ್ಟಾಗ್ರಾಂ ಒಂದು ತಾಸು, 4, 2.
ಅಪ್ಪಗ ಫೋನ್, 2, 2.
ಬಟ್ಟಿ ಒಗದೆ, 2, 5.
ಬಿಸಲಾಗ ಸುಮ್ನ ಕುಂತಿದ್ದೆ, 3, 3.

'ಅಪ್ಪಗ ಫೋನ್' ಎರಡರಲ್ಲೇ ನಿಂತದ್ದು ಎಲ್ಲರ ಕಣ್ಣಿಗೂ ಬಿತ್ತು.

ಅವ್ವ ಎರಡು ವಾರಕ್ಕೊಮ್ಮೆ ಭಾನುವಾರ ಬರತೊಡಗಿದರು. ಗದಗದಲ್ಲಿ ಬಸ್ ಬದಲಿಸಿ ಹುಬ್ಬಳ್ಳಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಇಲ್ಲದಿದ್ದರೆ ಇಷ್ಟು ಸಲ ಬರುವುದು ಆಗುತ್ತಿರಲಿಲ್ಲ ಅಂತ ಅವರೇ ಹೇಳಿದರು. ಶಕ್ತಿ ಯೋಜನೆ ಬಗ್ಗೆ ಟಿವಿಯಲ್ಲಿ ಏನೇನೋ ಚರ್ಚೆ ನಡೆಯುತ್ತದೆ. ಒಬ್ಬ ಹುಡುಗಿ ಹುಷಾರಾಗುವುದರಲ್ಲಿ ಶೂನ್ಯ ಟಿಕೆಟ್‌ಗೆ ಪಾಲಿದೆ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ತಾಯಿ ಮಗಳು ಚಿಗರಿ ಬಸ್ಸಿನಲ್ಲಿ ಉಣಕಲ್ ಕೆರೆಗೆ ಹೋಗಿ ಕೂತು ಬರುತ್ತಿದ್ದರು. ಮಾತು ಕಮ್ಮಿಯಂತೆ. ಅವ್ವ ಒಂದು ಸಲ ದೃಷ್ಟಿ ತೆಗೆದದ್ದೂ ಅಲ್ಲೇ, ಕೆರೆ ದಂಡೆಯಲ್ಲಿ. ಸಮಾಲೋಚಕಿ ನಕ್ಕು, "ಗುಳಿಗೆ ಬಿಡಿಸದೇ ಇದ್ದರೆ ಸಾಕು, ದೃಷ್ಟಿ ತೆಗೀಲಿ" ಅಂದರು. ನೋಟ್‌ಬುಕ್ಕಿನಲ್ಲಿ ಅದಕ್ಕೂ ಅಂಕ ಇದೆ, 4, 6.

ಅಪ್ಪ

ಅಪ್ಪನಿಗೆ ಹೇಳಿದ್ದು ಡಿಸೆಂಬರ್ ಕೊನೆಗೆ. ಹುಡುಗಿಯೇ ಒಪ್ಪಿದಳು. ನಮ್ಮೆಲ್ಲರ ಎದೆಯೂ ಡವಡವ. ಅವರು ಬಂದು, ಟೋಪಿ ತೆಗೆದು ಮಂಡಿ ಮೇಲಿಟ್ಟುಕೊಂಡು ಎಲ್ಲ ಕೇಳಿದರು. ಆಮೇಲೆ ಮಗಳ ಕಡೆ ನೋಡದೆ ನನಗೆ ಹೇಳಿದರು.

"ಫೇಲ್ ಆದ್ರ ಆಗ್ಲಿ ಬಿಡ್ರೀ. ಉಳ್ಳಾಗಡ್ಡಿ ಒಂದ್ ವರ್ಷ ಕೈ ಕೊಡತೈತಿ, ಒಂದ್ ವರ್ಷ ಕೈ ಹಿಡಿತೈತಿ. ಹೊಲಾ ಮಾರೀನೇನು ನಾ?"

ಹುಡುಗಿ ಆಗ ಫ್ಲೆಕ್ಸಿನ ಮಾತು ತೆಗೆದಳು. ಬಸ್‌ಸ್ಟ್ಯಾಂಡಿನಲ್ಲಿ ತನ್ನ ಫೋಟೋ ಇನ್ನೂ ಇದೆ, ಅದರ ಕೆಳಗೆ ಇಳಿದು ಮನೆಗೆ ಹೋಗಬೇಕು, ಅದಕ್ಕೇ ದೀಪಾವಳಿಗೂ ಊರಿಗೆ ಬರಲಿಲ್ಲ ಅಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಗಾಳಿಗೆ ಹರದು ಮಳಿಗಾಲಕ್ಕ ಹೋತಲ್ಲವಾ. ಅದರ ತುಂಡು ನಮ್ಮ ಹೊಟ್ಟಿನ ಬಣಿವಿ ಮ್ಯಾಲೆ ಹೊಚ್ಚೀನಿ" ಅಂದರು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಇದರಿಂದ ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಮೂರೇ ವಾರದಲ್ಲಿ ಮತ್ತೆ ಜಾರಿದಳು.

ಜನವರಿ

ಆರು ವಾರದ ಹೊತ್ತಿಗೆ ಪಿಎಚ್‌ಕ್ಯು ಅಂಕ 17 ಇದ್ದದ್ದು 11ಕ್ಕೆ ಇಳಿದಿತ್ತು. ಪರೀಕ್ಷೆಯ ವೇಳಾಪಟ್ಟಿ ಬಂದ ವಾರ ಮತ್ತೆ 14. ನಿದ್ದೆ ಕೆಟ್ಟಿತು, ಎರಡು ದಿನ ಮೆಸ್ ಪುಸ್ತಕದಲ್ಲಿ ಸಹಿ ಇಲ್ಲ. ಈ ಸಲ ಅಡುಗೆಯಾಕೆ ಎರಡನೇ ದಿನವೇ ಹೇಳಿದರು. ಡಾಕ್ಟರು ಗುಳಿಗೆ ಬದಲಿಸಲಿಲ್ಲ, ಪರೀಕ್ಷೆ ಹತ್ತಿರ ಬಂದಾಗ ಏರುವುದು ಇದ್ದದ್ದೇ ಅಂದರು.

ಆಗ ಒಂದು ತೀರ್ಮಾನ ಮಾಡಿದೆವು. ಎಲ್ಲ ಪೇಪರ್ ಬರೆಯುವುದು ಬೇಡ. ಹೆಚ್ಚು ಹೆದರಿಕೆ ಇರುವ ಒಂದನ್ನು ಈ ಸಲ ಬಿಡುವುದು. ಅದು ಗಣಿತವೇ. ನನ್ನ ವಿಷಯ ಬಿಡು ಅಂತ ನಾನೇ ಹೇಳಬೇಕಾಯಿತು. ವಿಭಾಗದಲ್ಲಿ ರಿಸಲ್ಟ್ ಪರ್ಸೆಂಟೇಜ್ ಮಾತು ಬಂತು, ಒಬ್ಬರು "ನೀವೇ ಬ್ಯಾಕ್ ಹಾಕಿಸ್ತೀರಾ?" ಅಂದರು. ಹೌದು ಅಂದೆ. ಬ್ಯಾಕ್ ಅಂದರೆ ಮುಂದಿನ ಸಲ ಬರೆದು ಪಾಸಾಗುವ ಒಂದು ಪೇಪರು. ಹುಡುಗಿಗೆ ಮಾತ್ರ ಆ ಪದ ಹಣೆಬರಹದ ಹಾಗೆ ಕೇಳಿಸುತ್ತಿತ್ತು. ಹಾಸ್ಟೆಲಿನ ಸೀನಿಯರ್ ಒಬ್ಬಳು ತನ್ನ ನಾಲ್ಕು ಬ್ಯಾಕಿನ ಕಥೆ ಹೇಳಿ, ಈಗ ಕಂಪನಿಗೆ ಸೆಲೆಕ್ಟ್ ಆಗಿದ್ದೇನೆ ಅಂದದ್ದು ನನ್ನ ಹತ್ತು ಮಾತಿಗಿಂತ ಜಾಸ್ತಿ ಕೆಲಸ ಮಾಡಿತು.

ಉಳಿದ ಪೇಪರುಗಳಿಗೆ ಪರೀಕ್ಷೆಯ ಹೆದರಿಕೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದೆವು. ಮೊದಲು ಖಾಲಿ ಕ್ಲಾಸಿನಲ್ಲಿ ಒಬ್ಬಳೇ, ಹದಿನೈದು ನಿಮಿಷ, ಗೊತ್ತಿರುವ ಪ್ರಶ್ನೆ. ಆಮೇಲೆ ಇಬ್ಬರು ಗೆಳತಿಯರ ಜೊತೆ. ಆಮೇಲೆ ಗಡಿಯಾರ ಇಟ್ಟು. ಕೊನೆಗೆ ನಾನು ಇನ್ವಿಜಿಲೇಟರ್ ಥರ ಓಡಾಡುತ್ತಾ. ಅಲ್ಲೇ ಒಂದು ವಿಷಯ ಗೊತ್ತಾಯಿತು. ನನ್ನ ಚಪ್ಪಲಿಯ ಟಕ್ ಟಕ್ ಅವಳ ಬೆಂಚಿನ ಹತ್ತಿರ ಬಂದು ನಿಂತಾಗ ಪೆನ್ನು ನಿಲ್ಲುತ್ತಿತ್ತು. ಮೊದಲ ಇಂಟರ್ನಲ್ಸ್‌ನಲ್ಲೂ ಅದೇ ಆಗಿತ್ತಂತೆ, ನಾನು ಅವಳ ಪೇಪರ್ ಇಣುಕಿ ನೋಡಿ ಏನೋ ಗೊಣಗಿ ಮುಂದೆ ಹೋಗಿದ್ದೆನಂತೆ. ನನಗೆ ಒಂಚೂರೂ ನೆನಪಿಲ್ಲ. ಆ ಟಕ್ ಟಕ್ ಕೇಳುತ್ತಲೇ ಬರೆಯುವುದನ್ನು ಏಳೆಂಟು ಸಲ ಮಾಡಿಸಿದೆವು. ಈಗ ನಾನು ಪರೀಕ್ಷೆ ದಿನ ರಬ್ಬರ್ ಚಪ್ಪಲಿ ಹಾಕಿಕೊಂಡು ಬರುತ್ತೇನೆ. ಅಂಕಪಟ್ಟಿಯ ಫೋಟೋ ಗ್ರೂಪಿಗೆ ಹಾಕುವುದನ್ನೂ ನಿಲ್ಲಿಸಿದ್ದೇನೆ.

ಆಮೇಲೆ

ಆ ಸೆಮಿಸ್ಟರ್ ಗಣಿತ ಬಿಟ್ಟು ಉಳಿದದ್ದೆಲ್ಲ ಪಾಸಾಯಿತು. ಒಂದೆರಡು ಅಂಚಿನಲ್ಲಿ. ಮಾರ್ಚ್‌ನಲ್ಲಿ ಪಿಎಚ್‌ಕ್ಯು 7, ಆತಂಕದ್ದು 6. ಹಿಮೋಗ್ಲೋಬಿನ್ 11.4. ಗಣಿತವನ್ನು ಮುಂದಿನ ಸಲ ಬರೆದು ದಾಟಿಕೊಂಡಳು. ಗುಳಿಗೆ ಇನ್ನೂ ಇದೆ. ಇಳಿಸುವ ಮಾತು ಪರೀಕ್ಷೆ ಇಲ್ಲದ ತಿಂಗಳು ನೋಡಿ ಶುರು ಮಾಡೋಣ ಅಂದಿದ್ದಾರೆ ಡಾಕ್ಟರು. ಅವ್ವ ಈಗಲೂ ಬರುತ್ತಾರೆ. "ಬರಬ್ಯಾಡ ಅಂದ್ರೂ ಬರ್ತಾಳ್ರೀ" ಅಂತ ಹುಡುಗಿ ದೂರು ಹೇಳುತ್ತಾಳೆ, ಚಟ್ನಿ ಡಬ್ಬಿಯನ್ನು ನನ್ನ ಮೇಜಿನ ಮೇಲಿಡುತ್ತಾ.

ಎದುರಿಗೆ ನಿಂತು ಬಾಯಿಂದ ಉತ್ತರ ಹೇಳುವ ವೈವಾ ಮಾತ್ರ ಈಗಲೂ ತ್ರಾಸು. ಕಳೆದ ವಾರ ಲ್ಯಾಬ್ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಸರ್ ಐದು ಪ್ರಶ್ನೆ ಕೇಳಿದರಂತೆ. ಮೊದಲನೆಯದಕ್ಕೇ ಬೆರಳು ಜುಮ್ ಅಂದವು. "ಒಂದು ನಿಮಿಷ ಸರ್, ನೀರು ಕುಡೀತೀನಿ" ಅಂದಳಂತೆ. ಕುಡಿದು, ಚಹಾ ಆರಿಸುವ ಹಾಗೆ ನಾಲ್ಕು ಸಲ ಉಸಿರು ಬಿಟ್ಟು, ಮೂರಕ್ಕೆ ಉತ್ತರ ಹೇಳಿದಳು.

ಉಳಿದೆರಡು ಮರೆತು ಹೋದವಾ ಅಂತ ಕೇಳಿದೆ.

"ಇಲ್ರೀ ಮೇಡಂ. ಅವೆರಡು ಓದೇ ಇರ್ಲಿಲ್ಲ."